ಏಕಾದಶಿ ಬಂದರೆ ಫೈಲ್ ತೆರೆಯದ ಕಂಪ್ಯೂಟರ್

“ತಮ್ಮಾ, ಮತ್ತ ಅದೇ ಪಾಟಿ ಬಂತ ನೋಡು.”

ಪಾಟಿ ಅಂದರೆ ಸ್ಲೇಟು. ಪರದೆಯ ಮೇಲೆ ದಿಢೀರನೆ ಏಳುವ ಎರರ್ ಬಾಕ್ಸಿಗೆ ಅವ್ವ ಇಟ್ಟ ಹೆಸರು ಅದು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಧಾರವಾಡದ ಮಾತೂ ಹೋಗಿಲ್ಲ, ಟೀಚರ್ ದನಿಯೂ ಹೋಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಅಲ್ಲ, ಲೆಕ್ಕ ಇತ್ತು. ಅವಳ ಹತ್ತಿರ ಇತ್ತು. ಅದು ನನಗೆ ಗೊತ್ತಾಗಲು ಮೂರು ತಿಂಗಳು ಹಿಡಿಯಿತು.

ಮೊದಲು ಯಂತ್ರದ ವಿಷಯ. ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ, ಕಿಟಕಿ ಪಕ್ಕ, 2014ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇದೆ. 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಟೇಬಲ್ ಕೆಳಗೆ ಕ್ಯಾಬಿನೆಟ್. ಜಾಗ ಕಡಿಮೆ, ಅದಕ್ಕೆ ಪ್ರಿಂಟರ್ ಕ್ಯಾಬಿನೆಟ್ ತಲೆಯ ಮೇಲೆಯೇ ಕೂತಿದೆ. ಇದನ್ನು ನೆನಪಿಡಿ. ನಾನು ನೆನಪಿಡಲಿಲ್ಲ.

ಯಂತ್ರ ಆನ್ ಆಗಲು ಐದು ನಿಮಿಷ ಹಿಡಿಯುತ್ತಿತ್ತು. ಅವ್ವ ಆನ್ ಮಾಡಿ, ಚಹಾ ಮಾಡಿಕೊಂಡು ಬಂದು ಕೂರುತ್ತಿದ್ದಳು. ನೋಡಲಾಗದೆ ಜೂನ್ ಮೊದಲ ವಾರ 240 ಜಿಬಿಯ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್, ತಂದು ನಾನೇ ಕೂರಿಸಿದೆ. ಅದರಲ್ಲಿ ವಿಂಡೋಸ್ ಹೊಸದಾಗಿ ಹಾಕಿದೆ. ಹಳೆಯ ಹಾರ್ಡ್ ಡಿಸ್ಕನ್ನು ಹಾಗೇ ಬಿಟ್ಟು, ಬರೀ ಫೈಲ್ ಇಡಲು ಡಿ ಡ್ರೈವ್ ಮಾಡಿದೆ. ಅವ್ವನ ಲೋಕವೆಲ್ಲ ಆ ಡಿ ಡ್ರೈವ್‌ನಲ್ಲಿ. ಭಜನಾ ಮಂಡಳಿಯ ಪದಗಳು, ಮಹಿಳಾ ಮಂಡಳದ ಲೆಕ್ಕ, ಊರಿನ ಮದುವೆಗಳ ಫೋಟೋ, ಅಮ್ಮಮ್ಮ ಹಾಡಿದ ಬೀಸುವ ಪದಗಳ ರೆಕಾರ್ಡಿಂಗ್. ಪದಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು, ಹಳೆ ಫಾಂಟಿನಲ್ಲಿ.

ಈಗ ಇಪ್ಪತ್ತು ಸೆಕೆಂಡಿನಲ್ಲಿ ಯಂತ್ರ ಎದ್ದಿತು. “ಚಾ ಮಾಡಾಕೂ ಪುರಸೊತ್ತ ಕೊಡವಲ್ದು” ಎಂದಳು ಅವ್ವ. ಅದು ಹೊಗಳಿಕೆ.

ಎರಡೇ ದಿನಕ್ಕೆ ಮೊದಲ ಪಾಟಿ ಬಂತು. ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ ಅಂತ. ತಾನೇ ಮಾಡಿದ ಫೋಲ್ಡರಿಗೆ ಅನುಮತಿ ಇಲ್ಲವೆಂದರೆ ಯಾರಿಗೆ ಸಿಟ್ಟು ಬರಲ್ಲ? ಈ ಗಂಟು ನನಗೆ ಗೊತ್ತಿತ್ತು. ವಿಂಡೋಸ್ ನಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ. ಪ್ರತಿ ಅಕೌಂಟಿಗೂ ಎಸ್‌ಐಡಿ ಅನ್ನುವ ಉದ್ದನೆಯ ಸಂಖ್ಯೆ ಕೊಡುತ್ತದೆ. ಫೈಲಿನ ಒಡೆಯ ಯಾರು ಅಂತ ಡಿಸ್ಕಿನಲ್ಲಿ ಬರೆದಿಡುವುದು ಆ ಸಂಖ್ಯೆಯನ್ನೇ. ವಿಂಡೋಸ್ ಹೊಸದಾಗಿ ಹಾಕಿ, ಅಕೌಂಟಿಗೆ ಮತ್ತೆ “ಅವ್ವ” ಅಂತಲೇ ಹೆಸರಿಟ್ಟರೂ ಸಂಖ್ಯೆ ಬೇರೆಯೇ. ಹಾಗಾಗಿ ಡಿ ಡ್ರೈವ್‌ನ ಲೆಕ್ಕದಲ್ಲಿ ಈ ಅವ್ವ ಯಾರೋ ದಾರಿಹೋಕಳು.

ಇದಕ್ಕೆ ಮದ್ದು ಸುಲಭ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್. ಮೇಲ್ಗಡೆ ಓನರ್ ಎಂಬಲ್ಲಿ ಹೆಸರಿನ ಬದಲು ಬರೀ ಅಂಕಿಗಳ ಸಾಲು ಕಾಣುತ್ತದೆ. ಅದು ಹಳೆಯ ಒಡೆಯ. ಚೇಂಜ್ ಒತ್ತಿ ಈಗಿನ ಅಕೌಂಟಿನ ಹೆಸರು ಕೊಟ್ಟು, ಒಳಗಿನ ಫೋಲ್ಡರುಗಳಿಗೂ ಇದೇ ಒಡೆಯ ಅನ್ನುವ ಚೌಕಕ್ಕೆ ಟಿಕ್ ಹಾಕಬೇಕು. ಟಿಕ್ ಮರೆತರೆ ಬಾಗಿಲು ಮಾತ್ರ ತೆಗೆಯುತ್ತದೆ, ಒಳಗಿನ ಕೋಣೆಗಳಿಗೆ ಬೀಗ ಹಾಗೇ ಇರುತ್ತದೆ. ಒಡೆತನ ಬದಲಾದ ಮೇಲೆ ಫುಲ್ ಕಂಟ್ರೋಲ್ ಕೊಡಬೇಕು. ಒಂದು ಮಾತು: ಇದನ್ನೆಲ್ಲ ನಮ್ಮ ಫೈಲಿರುವ ಫೋಲ್ಡರಿಗೆ ಮಾತ್ರ ಮಾಡಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿಗೆ ಮಾಡಿದರೆ ಆಮೇಲೆ ಅಪ್‌ಡೇಟ್‌ಗಳು ತಕರಾರು ತೆಗೆಯುತ್ತವೆ.

ಮಾಡಿದೆ. ತೆರೆಯಿತು. ಅವ್ವ ಅವತ್ತು ರಾತ್ರಿ ಹೂರಣ ಕಡುಬು ಮಾಡಿದಳು. ಕೇಸ್ ಮುಗಿಯಿತು ಅಂದುಕೊಂಡೆ.

ಹತ್ತು ದಿನಕ್ಕೆ ಮತ್ತೆ ಪಾಟಿ. ಅವ್ವ ಅಡುಗೆಮನೆಗೇ ಕೇಳುವಂತೆ ಓದಿ ಹೇಳಿದಳು. ನಾನು ಅರ್ಧ ಕೇಳಿಸಿಕೊಂಡೆ. ಮತ್ತೊಂದು ಫೋಲ್ಡರಿಗೆ ಬೀಗ ಉಳಿದಿರಬೇಕು ಎಂದು ಹೋಗಿ ಒಡೆಯನನ್ನು ಬದಲಿಸಿದೆ. ಅಷ್ಟರಲ್ಲಿ ಫೈಲ್ ತಾನಾಗಿಯೇ ತೆರೆಯಿತು. ನನ್ನಿಂದಲೇ ಸರಿಯಾಯಿತು ಅಂದುಕೊಂಡೆ. ಇಡೀ ಕತೆಯಲ್ಲಿ ನನ್ನನ್ನು ಜಾಸ್ತಿ ಕುಣಿಸಿದ್ದು ಇದೇ. ತಾನಾಗಿಯೇ ಸರಿಹೋಗುವ ರೋಗಕ್ಕೆ ಯಾವ ಕಷಾಯ ಕೊಟ್ಟರೂ ಗುಣ ಕಂಡಂತೆ ಅನಿಸುತ್ತದೆ.

ಜುಲೈ ಪೂರ್ತಿ ಹೀಗೇ ಹೋಯಿತು. ಆಂಟಿವೈರಸ್ ಇರಬಹುದೆಂದು ನೋಡಿದೆ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಕಾವಲು ಇದೆ, ಗುರುತಿಲ್ಲದ ಪ್ರೋಗ್ರಾಮ್‌ಗಳು ಫೋಲ್ಡರಿನೊಳಗೆ ಬರೆಯದಂತೆ ತಡೆಯುತ್ತದೆ. ಅದು ಆಫ್ ಇತ್ತು. ಒನ್‌ಡ್ರೈವ್ ಫೈಲ್‌ಗಳನ್ನು ಮೋಡಕ್ಕೆ, ಅಂದರೆ ಇಂಟರ್‌ನೆಟ್‌ನಲ್ಲಿರುವ ಸಂಗ್ರಹಕ್ಕೆ, ಸಾಗಿಸಿದೆಯೇ ಎಂದು ನೋಡಿದೆ. ಅದೂ ಇಲ್ಲ.

ಆಗಸ್ಟ್‌ನಲ್ಲಿ ಒಂದು ಸಂಜೆ ಪಾಟಿಯನ್ನು ಕೊನೆಗೂ ನಾನೇ ಕಣ್ಣಾರೆ ಓದಿದೆ. ಅನುಮತಿಯ ಮಾತೇ ಅದರಲ್ಲಿ ಇರಲಿಲ್ಲ. ಫೈಲ್ ಅಥವಾ ಫೋಲ್ಡರ್ ಕೆಟ್ಟಿದೆ, ಓದಲಾಗುತ್ತಿಲ್ಲ ಅಂತ ಇತ್ತು. “ಇದು ಮೊದಲಿಂದಲೂ ಹಿಂಗ ಐತೇನವ್ವಾ?” ಅಂದೆ. “ಒಮ್ಮೊಮ್ಮೆ ಹಿಂಗ, ಒಮ್ಮೊಮ್ಮೆ ಐ ಓ ಅಂತ ಏನೋ ಬರತೈತಿ. ಓದಿ ಹೇಳಿದ್ನೆಲ್ಲೋ, ನೀ ಎಲ್ಲಿ ಕೇಳ್ತಿ” ಎಂದಳು. ಅಂದರೆ ಮೂರು ಬಗೆಯ ಪಾಟಿ. ನಾನು ಎಲ್ಲವನ್ನೂ ಒಂದೇ ಗೋಣಿಗೆ ತುಂಬಿದ್ದೆ.

ಕೆಟ್ಟಿದೆ ಎಂದು ಓದಿದ್ದೇ ಗಾಬರಿಯಾಯಿತು. ಗಾಬರಿಯಲ್ಲಿ ಮಾಡಬಾರದ್ದನ್ನು ಮಾಡಿದೆ. ಡಿಸ್ಕಿನ ತಪ್ಪು ಹುಡುಕುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿ, ಸಿಕ್ಕ ತಪ್ಪನ್ನೆಲ್ಲ ತಿದ್ದು ಎಂದು ಹೇಳಿದೆ. ಮೊದಲು ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಬೇಕಿತ್ತು. ಡಿಸ್ಕ್ ಸರಿಯಾಗಿ ಓದಲು ಸಿಗದ ಹೊತ್ತಿನಲ್ಲಿ ತಿದ್ದಲು ಕೂತರೆ, ಚೆಕ್‌ಡಿಸ್ಕ್ ಓದಲಾಗದ್ದನ್ನು ಹಾಳಾದದ್ದು ಎಂದೇ ತಿಳಿಯುತ್ತದೆ. ಯಾವ ಫೋಲ್ಡರಿಗೂ ಸೇರದೆ ಉಳಿದ ಫೈಲ್‌ಗಳನ್ನು ಫೌಂಡ್ ಎಂಬ ಹೆಸರಿನ, ಕಣ್ಣಿಗೆ ಕಾಣದ ಫೋಲ್ಡರಿಗೆ ದೂಡುತ್ತದೆ. ಹೆಸರೂ ಹೋಗುತ್ತದೆ. ಎಲ್ಲಕ್ಕೂ ಫೈಲ್ 0000, 0001 ಅಂತ ನಂಬರ್, ಕೊನೆಗೆ ಸಿಎಚ್‌ಕೆ ಎಂಬ ಬಾಲ. ನನ್ನ ಹುರುಪಿಗೆ ಬಲಿಯಾದವು ಇಪ್ಪತ್ತಾರು ಫೈಲ್. ಅವ್ವನಿಗೆ ಅವತ್ತು ಹೇಳಲಿಲ್ಲ.

ಆಮೇಲೆ ಬುದ್ಧಿ ಬಂತು. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ, ಫೈಲ್‌ಗಳನ್ನು ಸಾರಾಸಗಟಾಗಿ ಕಾಪಿ ಮಾಡುವ ವಿಂಡೋಸ್‌ನ ರೋಬೋಕಾಪಿ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದೂ ಫೈಲ್ ಕಾಪಿಯಾಗಿಲ್ಲ. ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಷನ್ ಎಂಬ ಫೋಲ್ಡರ್ ಮುಂದೆ ನಿಂತು ರಾತ್ರಿಯಿಡೀ ಬಾಗಿಲು ಬಡಿದಿದೆ. ಅದು ವಿಂಡೋಸ್‌ನ ಸ್ವಂತ ಫೋಲ್ಡರ್, ನಮಗೆ ಪ್ರವೇಶ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ನಾವು ಬೇರೆ ಹೇಳದಿದ್ದರೆ ರೋಬೋಕಾಪಿ ಒಂದು ಸಲ ಸೋತ ಮೇಲೆ 30 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಸಲ? ಹತ್ತು ಲಕ್ಷ ಸಲ. ಲೆಕ್ಕ ಹಾಕಿದೆ, ಸುಮಾರು 347 ದಿನ. ಆದ್ದರಿಂದ ರೋಬೋಕಾಪಿಗೆ ಕೊಡುವ ಆಜ್ಞೆಯಲ್ಲಿ ಆರ್ ಮುಂದೆ 1, ಡಬ್ಲ್ಯೂ ಮುಂದೆ 1 ಎಂದು ಬರೆದು, ಆ ಫೋಲ್ಡರನ್ನು ಎಕ್ಸ್‌ಡಿ ಹಾಕಿ ಹೊರಗೆ ಬಿಡಬೇಕು. ಒಂದೇ ಸಲ ಮತ್ತೆ ನೋಡು, ಒಂದೇ ಸೆಕೆಂಡ್ ಕಾಯಿ, ಮುಂದಕ್ಕೆ ನಡೆ. ಹಾಗೆ ಹಚ್ಚಿದ ಮೇಲೆ ಸಂಜೆಯೊಳಗೆ ಎಲ್ಲ ಕಾಪಿಯಾಯಿತು. ಬಿಟ್ಟುಹೋದದ್ದು ಆ ಇಪ್ಪತ್ತಾರು ಮಾತ್ರ.

ಡಿಸ್ಕ್ ಸಾಯುತ್ತಿದೆ ಎಂದೇ ನನ್ನ ತೀರ್ಮಾನ. ಹನ್ನೊಂದು ವರ್ಷದ ಡಿಸ್ಕ್, ಇನ್ನೇನು? ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ ನೋಡಿದೆ. ಮೇಲೆ ನೀಲಿ ಬಣ್ಣದಲ್ಲಿ ಗುಡ್ ಅಂತ ಬರೆದಿದೆ. ನಂಬದೆ ಕೆಳಗಿನ ಪಟ್ಟಿಗೆ ಹೋದೆ. ಸಾಯುವ ಡಿಸ್ಕಿನಲ್ಲಿ ಸಾಮಾನ್ಯವಾಗಿ ಏರುವುದು ಮೂರು ಸಾಲು: 05, ಸಿ5, ಸಿ6. ಡಿಸ್ಕಿನ ಚಿಕ್ಕ ಚಿಕ್ಕ ತುಂಡಿಗೆ ಸೆಕ್ಟರ್ ಅನ್ನುತ್ತಾರೆ. ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್, ಅನುಮಾನದ ಸೆಕ್ಟರ್, ಓದಲೇ ಆಗದ ಸೆಕ್ಟರ್. ಮೂರೂ ಸೊನ್ನೆ. ಡಿಸ್ಕ್ ಗಟ್ಟಿಮುಟ್ಟಾಗಿದೆ. ಮತ್ತೆ ರೋಗ ಎಲ್ಲಿದೆ? ಗೊತ್ತಾಗಲಿಲ್ಲ. ಗಣಪತಿ ಹಬ್ಬ ಬಂತು, ಕೈಬಿಟ್ಟೆ.

ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಹಾಲಿನವನ ಲೆಕ್ಕ ಮಾಡಲು ಅವ್ವ ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ಇಳಿಸಿಕೊಂಡು ಕೂತಳು. ಈ ಕಡೆ ಎಷ್ಟೋ ಮನೆಗಳಲ್ಲಿ ಹಾಲಿನ ಲೆಕ್ಕ ಅದರ ಮೇಲೆಯೇ. ಹಾಲು ಬರದ ದಿನಕ್ಕೆ ಹಾ, ಸಿಲಿಂಡರ್ ಬಂದ ದಿನಕ್ಕೆ ಗ್ಯಾ. ನಡುನಡುವೆ ಕೆಂಪು ಶಾಯಿಯಲ್ಲಿ ಕಂ, ಪಕ್ಕದಲ್ಲೊಂದು ಅಂಕಿ. ಇದೇನೆಂದು ಕೇಳಿದೆ.

“ಕಂಪ್ಯೂಟರ್ ಪಾಟಿ ಕೊಟ್ಟ ದಿನ. ಅಂಕಿ ಅಂದ್ರ ಎಷ್ಟ ಗಂಟೆಗೆ ಅಂತ. ಹಾಜರಿ ಹಾಕೂದು ರೂಢಿ ಆಗಿ ಹೋಗೇತಿ ನೋಡು.”

ಜೂನ್‌ನಿಂದ ಆಗಸ್ಟ್‌ವರೆಗೆ ಮೂರೂ ಹಾಳೆ ತಿರುವಿದೆ. ಕೆಂಪು ಕಂ ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡು ಮೂರು ಗುಂಪಾಗಿ ಬಿದ್ದಿದ್ದವು. ಗುಂಪಿನ ಪಕ್ಕದ ಚೌಕದಲ್ಲೆಲ್ಲ ಒಂದೇ ಮಾತು ಅಚ್ಚಾಗಿತ್ತು: ಏಕಾದಶಿ. ಆಷಾಢ ಏಕಾದಶಿಯ ಹಿಂದಿನ ದಿನವಂತೂ ಒಂದೇ ಚೌಕದಲ್ಲಿ ನಾಲ್ಕು ಕಂ.

“ಅವ್ವಾ, ನಿನ್ನ ಕಂಪ್ಯೂಟರ್ ಏಕಾದಶಿ ಉಪವಾಸ ಮಾಡತೈತಿ” ಎಂದೆ. ನಗುತ್ತಲೇ ಹೇಳಿದ್ದು. ಹೇಳುತ್ತಲೇ ತಲೆಯೊಳಗೆ ದೀಪ ಹೊತ್ತಿತು. ಏಕಾದಶಿಗೆ ಭಜನಾ ಮಂಡಳಿ ಸೇರುತ್ತದೆ. ಹಿಂದಿನ ದಿನ ಅವ್ವ ಪದಗಳ ಹಾಳೆ ಪ್ರಿಂಟ್ ತೆಗೆಯುತ್ತಾಳೆ. ಆಷಾಢದ್ದು ದೊಡ್ಡ ಭಜನೆ, ಹಾಳೆ ಜಾಸ್ತಿ. ಪ್ರಿಂಟರ್ ಎಲ್ಲಿದೆ? ಕ್ಯಾಬಿನೆಟ್ ತಲೆಯ ಮೇಲೆ. ಇಂಕ್‌ಜೆಟ್ ಪ್ರಿಂಟರಿನ ಹೆಡ್ ಅತ್ತಿಂದಿತ್ತ ಓಡುವಾಗ ಇಡೀ ಕ್ಯಾಬಿನೆಟ್ಟೇ ನಡುಗುತ್ತದೆ.

ಊಹೆ ಮೇಲೆ ಮೂರು ತಿಂಗಳು ಕಳೆದಾಗಿತ್ತು. ಈ ಸಲ ಅಳತೆ ಮಾಡಬೇಕು ಅಂದುಕೊಂಡೆ. ಮೊದಲು ಈವೆಂಟ್ ವ್ಯೂವರ್, ಅಂದರೆ ಯಂತ್ರದೊಳಗೆ ಆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ದಿನಚರಿ, ತೆರೆದೆ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್. ಅದರಲ್ಲಿ ಸಾವಿರಾರು ಸಾಲು, ಓದುತ್ತಾ ಕೂತರೆ ಕಣ್ಣು ಹೋಗುತ್ತದೆ. ಡಿಸ್ಕಿನ ಸುದ್ದಿ ಬರೆಯುವ ಡಿಸ್ಕ್, ಎನ್‌ಟಿಎಫ್‌ಎಸ್, ಸ್ಟೋರ್‌ಎಎಚ್‌ಸಿಐ ಈ ಮೂರನ್ನೇ ಜರಡಿ ಹಿಡಿದೆ. ಅವ್ವ ಬರೆದ ಗಂಟೆಗೂ ಇಲ್ಲಿನ ಸಾಲುಗಳ ಗಂಟೆಗೂ ತಾಳೆಯಾಯಿತು. ಎಲ್ಲ ಕಡೆ 129 ಮತ್ತು 153 ಎಂಬ ಎರರ್ ಸಂಖ್ಯೆ. ಡಿಸ್ಕ್ ಉತ್ತರ ಕೊಡಲಿಲ್ಲ, ರೀಸೆಟ್ ಮಾಡಿದೆ ಅನ್ನುವುದು 129. ಓದುವ ಕೆಲಸ ಮತ್ತೊಮ್ಮೆ ಮಾಡಬೇಕಾಯಿತು ಅನ್ನುವುದು 153. ಡಿಸ್ಕಿನ ಮೈಮೇಲೆಯೇ ಹುಣ್ಣಿದ್ದರೆ ಕೆಟ್ಟ ಬ್ಲಾಕ್ ಎಂದು ಹೇಳುವ 7 ಬರಬೇಕಿತ್ತು. ಒಂದೂ ಇರಲಿಲ್ಲ. ಅಂದರೆ ಊರು ಸರಿಯಿದೆ, ದಾರಿ ಕೆಟ್ಟಿದೆ.

ದಾರಿ ಎಂದ ಕೂಡಲೇ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ನಾನು ಗಮನ ಕೊಡದೆ ಬಿಟ್ಟ ಸಾಲು ನೆನಪಾಯಿತು. ಸಿ7. ಸಿಆರ್‌ಸಿ ಎರರ್ ಎಣಿಕೆ. ಕೇಬಲ್ ಮೇಲೆ ಹೋಗುವ ಪ್ರತಿ ಡೇಟಾ ಕಂತಿಗೂ ಕೊನೆಯಲ್ಲಿ ಒಂದು ತಾಳೆ ಸಂಖ್ಯೆ ಇರುತ್ತದೆ. ಈಚೆ ತಲುಪಿದಾಗ ಲೆಕ್ಕ ಹಾಕಿ ನೋಡುತ್ತಾರೆ. ತಾಳೆಯಾಗದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ ಎಂದು ಮತ್ತೆ ತರಿಸುತ್ತಾರೆ, ಎಣಿಕೆ ಒಂದು ಏರುತ್ತದೆ. ಮತ್ತೆ ಮತ್ತೆ ತರಿಸಿದರೂ ಸರಿಬರದಿದ್ದರೆ ನಮಗೆ ಪಾಟಿ. ಇದು ಬಹುಮಟ್ಟಿಗೆ ಕೇಬಲ್ಲಿನ ಗುರುತು.

ಆ ಸಾಲಿನಲ್ಲಿ 1ಎ4 ಅಂತ ಇತ್ತು. ಮೊದಲ ಸಲ ನೋಡಿದಾಗ ಇದೇನೋ ಮಾಡೆಲ್ ನಂಬರಿನ ತುಂಡು ಎಂದುಕೊಂಡು ದಾಟಿದ್ದೆ! ಆ ಸಾಫ್ಟ್‌ವೇರ್ ನಾವು ಬದಲಿಸದಿದ್ದರೆ ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಹತ್ತರ ಲೆಕ್ಕಕ್ಕೆ ತಿರುಗಿಸಿದರೆ 420. ಈ ಎಣಿಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ 420 ಕಂಡರೆ ಎಂದೋ ಕೆಟ್ಟಿತ್ತು ಎಂದಷ್ಟೇ ಅರ್ಥ. ಇವತ್ತು ಏರುತ್ತಿದೆಯೇ ಅನ್ನುವುದು ಮುಖ್ಯ.

ಶನಿವಾರ ಮಧ್ಯಾಹ್ನ ಪರೀಕ್ಷೆಗೆ ಕೂತೆ. ಡೇಟಾ ಓಡಾಡುವಾಗ ಮಾತ್ರ ಎಣಿಕೆ ಏರುವುದರಿಂದ, ಡಿ ಡ್ರೈವ್‌ನಿಂದ ಮದುವೆ ವಿಡಿಯೋಗಳನ್ನು ಸಿ ಡ್ರೈವ್‌ಗೆ ಕಾಪಿ ಹಚ್ಚಿದೆ. ಪ್ರಿಂಟರ್ ಸುಮ್ನೆ ಕೂತಿತ್ತು. ಕಾಪಿ ಮುಗಿದಾಗ 420. ಮತ್ತೆ ಅದೇ ಕಾಪಿ ಹಚ್ಚಿ ಹತ್ತು ಹಾಳೆ ಪ್ರಿಂಟ್ ಕೊಟ್ಟೆ. 437. ಕಾಪಿ ಎರಡು ಸಲ ಉಸಿರು ಕಟ್ಟಿ ನಿಂತು ಮುಂದಕ್ಕೆ ಹೋಯಿತು. ಪ್ರಿಂಟರ್ ಇಳಿಸಿ ನೆಲಕ್ಕಿಟ್ಟು ಮತ್ತೆ ಹತ್ತು ಹಾಳೆ. 437. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಲ್ಲ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತು ಹಾಳೆ ದಂಡ ಎಂದು ಗೊಣಗಿ, ಹಿಂಬದಿಯಲ್ಲಿ ದಿನಸಿ ಚೀಟಿ ಬರೆಯಲು ಎತ್ತಿಟ್ಟಳು.

ಯಂತ್ರ ಬಂದ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ತೆಗೆದು ಕ್ಯಾಬಿನೆಟ್ ಬಿಚ್ಚಿದೆ. ಹಾರ್ಡ್ ಡಿಸ್ಕಿಗೆ ಎರಡು ಕೇಬಲ್ ಹೋಗುತ್ತವೆ. ಅಗಲವಾದದ್ದು ಪವರ್, ಸಣ್ಣದ್ದು ಡೇಟಾ. ಸಣ್ಣದರಲ್ಲಿ ಏಳೇ ಏಳು ಪಿನ್. 2014ರ ಆ ಕೆಂಪು ಕೇಬಲ್ಲಿಗೆ ಲೋಹದ ಕ್ಲಿಪ್ಪೇ ಇಲ್ಲ, ಬರೀ ಬಿಗಿತದ ಮೇಲೆ ನಿಂತಿದೆ. ಅದು ಡಿಸ್ಕಿನಿಂದ ಹೊರಬಂದು ಚೂಪಾಗಿ ಮಡಿಚಿ ಪಕ್ಕದ ತಗಡಿಗೆ ಒತ್ತಿಕೊಂಡಿತ್ತು. ಬೆರಳಲ್ಲಿ ಮುಟ್ಟಿದರೆ ಹಲ್ಲು ಸಡಿಲಾದಂತೆ ಅಲ್ಲಾಡಿತು.

ಅದನ್ನು ಹಾಗೆ ಮಡಿಚಿ ತುರುಕಿದ್ದು ಯಾರು? ನಾನೇ. ಜೂನ್‌ನಲ್ಲಿ ಎಸ್‌ಎಸ್‌ಡಿ ಕೂರಿಸಲು ಜಾಗ ಮಾಡಿಕೊಂಡಾಗ. ಅಂದರೆ ಬೀಗದ ರೋಗ, ಕೇಬಲ್ಲಿನ ರೋಗ ಎರಡೂ ಒಂದೇ ದಿನ, ನನ್ನ ಕೈಯಲ್ಲೇ ಹುಟ್ಟಿದ ಅವಳಿ. ಒಂದನ್ನು ಗುಣ ಮಾಡಿ ಎರಡೂ ಹೋದವು ಅಂದುಕೊಂಡಿದ್ದೆ.

ಭಾನುವಾರ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಲೋಕಲ್ ರೈಲುಗಳು ಸರಿಯಾಗಿ ಇಲ್ಲ. ಸೋಮವಾರ ಆಫೀಸಿನಿಂದ ಬೇಗ ಬಿಟ್ಟು ಹೊಸ ಕೇಬಲ್ ತರಲು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಬೋರ್ಡುಗಳಲ್ಲಿ ಈಗ ಡಾಕ್ಟರ್ ಭಡಕಮ್‌ಕರ್ ಮಾರ್ಗ ಅಂತ ಇದೆ, ಆದರೆ ಕಂಪ್ಯೂಟರ್ ಸಾಮಾನಿನವರ ಬಾಯಲ್ಲಿ ಇನ್ನೂ ಲ್ಯಾಮಿಂಗ್ಟನ್ನೇ. ಗ್ರಾಂಟ್ ರೋಡ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಈ ಡೇಟಾ ಕೇಬಲ್ಲಿಗೆ ಸಾಟಾ ಅಂತ ಹೆಸರು. ಅಲ್ಲಿ ಬರೀ ಸಾಟಾ ಕೇಬಲ್ ಎಂದರೆ ಡಬ್ಬದಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. “ಲಾಕ್‌ವಾಲಾ” ಎಂದು ಸೇರಿಸಬೇಕು. ಎರಡಕ್ಕೆ 200 ರೂಪಾಯಿ ಆಯಿತು. ಒಂದರ ತಲೆ ನೇರ, ಇನ್ನೊಂದರದ್ದು ಬಾಗಿದ್ದು. ನಮ್ಮ ಕ್ಯಾಬಿನೆಟ್ಟಿಗೆ ಬಾಗಿದ್ದೇ ಸರಿಹೋಯಿತು, ತಗಡಿಗೆ ತಾಗುವುದಿಲ್ಲ. ಮನೆಗೆ ಬರುವಾಗ ದಾದರ್‌ನಲ್ಲಿ ಲೋಕಲ್ ಬದಲಿಸಬೇಕು. ಸಂಜೆ ಏಳರ ಗುಂಪಿನಲ್ಲಿ ಕೇಬಲ್ ಮುರಿಯದಂತೆ ಟಿಫಿನ್ ಡಬ್ಬಿಯಲ್ಲಿ ಹಾಕಿ ತಂದೆ.

ಕೂರಿಸಿದೆ. ಟಕ್ ಎಂದು ಕ್ಲಿಪ್ ಹಿಡಿಯಿತು. ಕೂರಿಸುವ ಮುಂಚೆ ಹಳೆ ಕೇಬಲ್ಲಿನಲ್ಲೇ ಒಮ್ಮೆ ಆನ್ ಮಾಡಿ ನೋಡಿದ್ದೆ, ಎಣಿಕೆ 441ಕ್ಕೆ ಏರಿತ್ತು. ಹೊಸದರಲ್ಲಿ ಪ್ರಿಂಟರ್ ಬೇಕೆಂದೇ ಮತ್ತೆ ಕ್ಯಾಬಿನೆಟ್ ಮೇಲಿಟ್ಟು ಕಾಪಿ ಹಚ್ಚಿ ಹತ್ತು ಹಾಳೆ ತೆಗೆದೆ. 441. ಕುಣಿಯಬೇಕು ಅನಿಸಿತು. ಆದರೆ ಒಂದು ಅನುಮಾನ ಉಳಿದಿತ್ತು. ಮದರ್‌ಬೋರ್ಡಿನ ಪೋರ್ಟೇ ಸಡಿಲಿದ್ದು, ಕೇಬಲ್ ಬದಲಿಸುವಾಗ ಬಿಗಿಯಾಗಿರಬಹುದಲ್ವಾ? ಹಳೆ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ಅದೇ ಪರೀಕ್ಷೆ ಮಾಡಿದೆ. 446. ಹಾಗಾದರೆ ಪೋರ್ಟ್ ನಿರಪರಾಧಿ. ಹೊಸ ಕೇಬಲ್ ವಾಪಸ್ ಹಾಕಿ ಮುಚ್ಚಿದೆ. ಹಳೆಯದನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಎಸೆದೆ. ಇಲ್ಲದಿದ್ದರೆ ಇನ್ನೆರಡು ವರ್ಷ ಬಿಟ್ಟು ಡ್ರಾಯರ್‌ನಲ್ಲಿ ಸಿಕ್ಕು, ಒಳ್ಳೆಯದಿದೆಯಲ್ಲ ಎಂದು ನಾನೇ ಮತ್ತೆ ಹಾಕುತ್ತೇನೆ.

ಆ ಇಪ್ಪತ್ತಾರರ ಕತೆ ಉಳಿಯಿತು. ಅವ್ವನಿಗೆ ಹೇಳಲೇಬೇಕಾಯಿತು. ಬೈಯಲಿಲ್ಲ, ಪಟ್ಟಿ ಮಾಡು ಎಂದಳು. ಬಾಲ ಹೋದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಎರಡು ಮೂರು ಅಕ್ಷರ ನೋಡಿದರೆ ಕುಲ ಗೊತ್ತಾಗುತ್ತದೆ. ಪಿಕೆ ಎಂದಿದ್ದರೆ ಈಚಿನ ವರ್ಡ್ ಅಥವಾ ಎಕ್ಸೆಲ್. ಅವು ಒಳಗೆ ಜಿಪ್ ಫೈಲ್‌ಗಳೇ, ಜಿಪ್ ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರ ಅದು. ಐಡಿ3 ಎಂದಿದ್ದರೆ ಎಂಪಿ3. ಸರಿಯಾದ ಬಾಲ ಹಚ್ಚಿದರೆ ಫೈಲ್ ತೆರೆಯುತ್ತದೆ. ಹೀಗೆ ಹದಿನಾಲ್ಕು ಸಿಕ್ಕವು. ಐದು ಫೈಲ್‌ಗಳಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಚುಕ್ಕೆ ಹಾಕಿದಂಥ ಕಸ ತುಂಬಿತ್ತು. ಹಾಳಾಗಿವೆ ಎಂದು ಅಳಿಸಲು ಹೊರಟಿದ್ದೆ. ಅವ್ವ ನನ್ನ ಕೈ ಹಿಡಿದಳು.

“ಅದು ಕಸ ಅಲ್ಲೋ, ನುಡಿ. ಫಾಂಟ್ ಹಾಕು.”

ವರ್ಡಿಗೆ ತಂದು ನುಡಿ ಫಾಂಟ್ ಹಚ್ಚಿದೆ. ಕಸವೆಲ್ಲ ಒಮ್ಮೆಗೇ ಕನ್ನಡವಾಯಿತು. ಪುರಂದರದಾಸರ ಪದ, ಕೆಳಗೆ ಯಾರು ಯಾವ ಚರಣ ಹಾಡಬೇಕು ಎಂಬ ಪಟ್ಟಿ.

ಏಳು ಫೈಲ್ ಇನ್ನೂ ಗುರುತು ಸಿಕ್ಕಿಲ್ಲ. ಅವುಗಳ ನಂಬರನ್ನು ಅವ್ವ ಕಾಲನಿರ್ಣಯದ ಹಿಂಬದಿಯಲ್ಲಿ ಬರೆದಿಟ್ಟಿದ್ದಾಳೆ. ಸಿಕ್ಕಿದ್ದಕ್ಕೆ ಗೀಟು ಹಾಕುತ್ತಾಳಂತೆ. ಸಿ7 ಈಗಲೂ 446ರಲ್ಲೇ ಇದೆ. ಪ್ರಿಂಟರ್ ಅಡುಗೆಮನೆಯ ಹಳೆ ಸ್ಟೂಲಿನ ಮೇಲಿದೆ. ಒಗ್ಗರಣೆ ಸಾಮಾನು ಮೇಲಿಂದ ತೆಗೆಯಲು ಸ್ಟೂಲಿಲ್ಲ ಎಂದು ಹೊಸ ದೂರು ಶುರುವಾಗಿದೆ.